ಬಂದು ಹೋಗುವ ಬೇನೆಯಲ್ಲ ಇದು

ಪುಣೆಯಿಂದ ಸೋಲಾಪುರ ರಸ್ತೆ ಹಿಡಿದರೆ ಸಿಗುವ ಉರುಳಿ ಕಾಂಚನದ ಹತ್ತಿರ ನನ್ನ ಸೋದರಮಾವ ಆಕಳು ಕಟ್ಟಿದ್ದಾರೆ. ಇಂಡಿ ತಾಲ್ಲೂಕಿನಿಂದ ಹೋಗಿ ಅಲ್ಲಿ ನೆಲೆಸಿದವರು. ಕಳೆದ ಭಾನುವಾರ ಹೋದಾಗ ಕೊಟ್ಟಿಗೆಗೆ ಹತ್ತು ಹೆಜ್ಜೆ ದೂರದಲ್ಲೇ ತಡೆದರು. "ತಮ್ಮಾ, ಅಲ್ಲೇ ನಿಲ್ಲು. ಕಾಲುಬಾಯಿ ಬೇನೆ ಬಂದಿದೆ."

ಬಾಯಿ ಚಪ್ಪರಿಸುವ ಸದ್ದು ಅಲ್ಲಿಗೇ ಕೇಳಿಸುತ್ತಿತ್ತು. ಆಕಳಿನ ಜೊಲ್ಲು ದಾರದಂತೆ ನೆಲದವರೆಗೆ ಇಳಿದಿತ್ತು. ಒಂದು ಕಾಲನ್ನು ಎತ್ತಿ ಝಾಡಿಸಿ ಇಳಿಸುತ್ತಿತ್ತು, ಮತ್ತೆ ಇನ್ನೊಂದನ್ನು ಎತ್ತುತ್ತಿತ್ತು. ಅತ್ತೆ ಜೋಳದ ಗಂಜಿ ಆರಿಸಿ ಹಿಡಿದರೆ ಮೂತಿ ಅದ್ದಿ ಹಿಂದೆ ಸರಿಯಿತು. ನಾಲಿಗೆಯ ಸಿಪ್ಪೆ ಕಿತ್ತುಹೋಗಿತ್ತು. ಎರಡು ವಾರದ ಅದರ ಕರು ಹಿಂದಿನ ದಿನವೇ ಸತ್ತಿತ್ತು, ಬಾಯಲ್ಲಿ ಒಂದು ಗುಳ್ಳೆಯೂ ಏಳದೆ. ಎಳೆಗರುಗಳಲ್ಲಿ ಈ ಬೇನೆಯ ವೈರಸ್ ಹೃದಯದ ಸ್ನಾಯುವನ್ನೇ ಕೆಡಿಸುತ್ತದೆ. ಬೆಳಿಗ್ಗೆ ಹಾಲು ಕುಡಿದ ಕರು ಮಧ್ಯಾಹ್ನಕ್ಕೆ ಕುಸಿಯುತ್ತದೆ.

ನೆರೆಯವರೊಬ್ಬರು "ಲಾಳ್ಯಾ ಖುರಕೂತ ತಾನೇ, ಬಂದು ಹೋಗುತ್ತದೆ" ಎಂದು ಸಮಾಧಾನ ಹೇಳಿದರು. ಕಾಲುಬಾಯಿ ಬೇನೆಗೆ ಮರಾಠಿಯ ಹೆಸರು ಅದು. ನನಗೆ ಸಿಟ್ಟು ಬರುವುದೇ ಈ ಮಾತಿಗೆ. ಬೆಳೆದ ದನಗಳು ಸಾಯುವುದು ಕಡಿಮೆ, ಒಪ್ಪುತ್ತೇನೆ. ಆದರೆ ಹೋಗುವುದು ಜ್ವರ ಮಾತ್ರ. ಎಷ್ಟೋ ಆಕಳುಗಳ ಹಾಲು ಮೊದಲಿನಷ್ಟಕ್ಕೆ ಬರುವುದಿಲ್ಲ. ಕೆಚ್ಚಲುಬಾವು ಬೀಳುತ್ತದೆ, ಗಬ್ಬದ್ದು ಕಂದು ಹಾಕುತ್ತದೆ. ಕೆಲವಂತೂ ವಾಸಿಯಾದ ಮೇಲೂ ಬಿಸಿಲು ತಡೆಯಲಾರದೆ ತೇಕುತ್ತಲೇ ಇರುತ್ತವೆ. ಸತ್ತ ದನಗಳನ್ನಷ್ಟೇ ಎಣಿಸುವವರ ಲೆಕ್ಕದಲ್ಲಿ ಇದಾವುದೂ ಇಲ್ಲ.

ಮಾವ ಸಂತೆಯಿಂದ ಹೊಸ ಆಕಳು ತಂದು ಅಂದೇ ಸಾಲಿನಲ್ಲಿ ಕಟ್ಟಿದ್ದರು. ನೋಡಲು ಗಟ್ಟಿಯಾಗಿಯೇ ಇತ್ತಂತೆ. ಗುಳ್ಳೆ ಏಳುವ ಮೊದಲೇ ಉಸಿರಿನಲ್ಲಿ, ಜೊಲ್ಲಿನಲ್ಲಿ, ಹಾಲಿನಲ್ಲಿ ವೈರಸ್ ಹೊರಬೀಳಲು ಶುರುವಾಗಿರುತ್ತದೆ. ಅದಕ್ಕೇ ಹೊಸ ದನವನ್ನು ಮೂರು ವಾರವಾದರೂ ಬೇರೆ ಕಟ್ಟಬೇಕು. ಬೇನೆ ದನದ ಜೊತೆಗಷ್ಟೇ ಬರುವುದಿಲ್ಲ, ನಮ್ಮ ಚಪ್ಪಲಿ, ಹಾಲಿನ ಕ್ಯಾನು, ಮೇವಿನ ಟೆಂಪೊದ ಗಾಲಿ ಹತ್ತಿಯೂ ಬರುತ್ತದೆ. ಹೊರಡುವಾಗ ಮಾವ ನನ್ನ ಚಪ್ಪಲಿಗೂ ಬಟ್ಟೆ ಸೋಡಾದ ನೀರು ಹಾಕಿಸಿದರು. ನೂರು ಲೀಟರಿಗೆ ನಾಲ್ಕು ಕಿಲೋ ಸೋಡಾ ಸಾಕು, ಈ ವೈರಸ್ ಉಳಿಯುವುದಿಲ್ಲ.

ಅವರ ಆಕಳುಗಳಿಗೆ ಲಸಿಕೆಯ ಅವಧಿ ಮೀರಿ ಎರಡು ತಿಂಗಳಾಗಿತ್ತು. ಈ ವೈರಸ್‌ನಲ್ಲಿ ಏಳು ಬಗೆ. ನಮ್ಮ ದೇಶದಲ್ಲಿ ಓಡಾಡುತ್ತಿರುವವು ಒ, ಎ, ಏಷ್ಯಾ-1. ಒಂದು ಬಂದುಹೋದ ದನಕ್ಕೆ ಇನ್ನೊಂದರಿಂದ ರಕ್ಷಣೆಯಿಲ್ಲ. ಆದ್ದರಿಂದ ಮೂರಕ್ಕೂ ಸೇರಿಸಿದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದು ಉಚಿತ. ಚುಚ್ಚಿಸಿದರೆ ಹಾಲು ಇಳಿಯುತ್ತದೆಂದು ದನವನ್ನು ಬಚ್ಚಿಡುವವರು ಇನ್ನೂ ಇದ್ದಾರೆ. ಇಳಿದರೂ ಅದು ನಾಲ್ಕು ದಿನದ ಮಾತು!

ಹೆಚ್ಚು ಚಿಂತೆ ನನಗೆ ಎತ್ತುಗಳದ್ದು. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ, ನಮ್ಮ ವಿಜಯಪುರದ ಕಡೆಯಿಂದ ಗಾಡಿಗಳು ಪಶ್ಚಿಮ ಮಹಾರಾಷ್ಟ್ರದ ಕಾರ್ಖಾನೆಗಳಿಗೆ ಹೊರಡುತ್ತವೆ. ಹತ್ತಾರು ಊರಿನ ಎತ್ತುಗಳು ಒಂದೇ ಬಯಲಲ್ಲಿ ನಿಂತು ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತವೆ. ಗೊರಸಿನ ಸಂದಿ ಹುಣ್ಣಾದರೂ ನೊಗ ಇಳಿಯುವುದಿಲ್ಲ, ಏಕೆಂದರೆ ಕಬ್ಬಿನ ಕೆಲಸಕ್ಕೆಂದು ಗಾಡಿಯವರು ಪಡೆದ ಮುಂಗಡ ತೀರಿಲ್ಲ. ಆ ಬೇನೆಯೇ ಆಮೇಲೆ ಗಾಡಿಯ ಜೊತೆ ಊರಿಗೆ ಮರಳುತ್ತದೆ.

ಇಂಡಿ, ಚಡಚಣದ ಅಣ್ಣತಮ್ಮಂದಿರೇ, ಗಾಡಿ ಕಟ್ಟುವ ಒಂದು ತಿಂಗಳು ಮೊದಲೇ ಎತ್ತುಗಳಿಗೆ ಲಸಿಕೆ ಹಾಕಿಸಿ. ದಸರೆಯ ತನಕ ಕಾಯಬೇಡಿ.