ನೀರಿಲ್ಲದ ಮುಳುಗಡೆ

ಬಾಗಲಕೋಟೆಯವರಿಗೆ ಮುಳುಗಡೆ ಹೊಸದಲ್ಲ. ಆಲಮಟ್ಟಿ ಹಿನ್ನೀರು ಬಂತು, ಹಳೇ ಊರು ಬಿಟ್ಟು ನವನಗರ ಸೇರಿದೆವು. ಸೆಕ್ಟರ್ ನಂಬರ್ ಹಿಡಿದು ಬೀಗರ ಮನೆ ಹುಡುಕೋದನ್ನೂ ಕಲಿತೆವು. ಆದರೆ ಹನಿ ನೀರಿಲ್ಲದೆ ವಿಶ್ವವಿದ್ಯಾಲಯವೇ ಮುಳುಗೋದನ್ನು ನೋಡಿರಲಿಲ್ಲ. 2025ರ ಫೆಬ್ರುವರಿಯಲ್ಲಿ ಆ ಭಾಗ್ಯವೂ ಒದಗಿತು.

2023ರಲ್ಲಿ, ಬೆಳಗಾವಿಯ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯದಿಂದ ಬೇರೆಯಾಗಿ, ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ ಶುರುವಾಯಿತು. ಎರಡೇ ವರ್ಷಕ್ಕೆ ಸಂಪುಟ ಉಪಸಮಿತಿ ಕೂತು, ದುಡ್ಡಿಲ್ಲ, ಇಂಥ ಒಂಬತ್ತನ್ನು ಮುಚ್ಚೋಣ ಎಂದಿತು. ಏನು ಚುರುಕು! ಜಮಖಂಡಿ ಕಡೆ ಕಬ್ಬು ನೆಟ್ಟ ರೈತ ಕಡಿದ ಬುಡದಿಂದಲೇ ಕೂಳೆ ಮೇಲೆ ಕೂಳೆ ತೆಗೆಯುತ್ತಾನೆ. ಇದು ಎರಡನೇ ಕೂಳೆಗೂ ಬಾಳೋ ಲಕ್ಷಣ ಕಾಣಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕಟ್ಟಿದವರು ಎಂಥ ನಿಧಾನಸ್ಥರು ನೋಡಿ. 1898ರ ಕೊನೆಗೆ ಯೋಜನೆ ಹಿಡಿದು, ವೈಸ್‌ರಾಯ್ ಆಗಿ ಬಂದಿಳಿದ ಕರ್ಜನ್ ಮುಂದೆ ನಿಂತರು. ವಿದ್ಯಾರ್ಥಿಗಳು ಸಿಗ್ತಾರಾ, ಓದಿದವರಿಗೆ ಕೆಲಸ ಸಿಗುತ್ತಾ ಅಂತ ಕರ್ಜನ್‌ಗೆ ಅನುಮಾನ. ರಸಾಯನ ವಿಜ್ಞಾನಿ ವಿಲಿಯಂ ರಾಮ್ಸೆ ಇಂಗ್ಲೆಂಡಿನಿಂದ ಬಂದು ದೇಶ ಸುತ್ತಿ, ಬೆಂಗಳೂರು ಆದೀತು ಎಂದರು. ಆಸ್ತಿ ಮುಡಿಪಿಟ್ಟ ಜಮ್‌ಶೆಟ್‌ಜಿ ಟಾಟಾ 1904ರಲ್ಲಿ ತೀರಿಕೊಂಡರು. ಮೈಸೂರು ಅರಮನೆ 371 ಎಕರೆ ಕೊಟ್ಟಿತು. 1909ರಲ್ಲಿ ಆದೇಶ, 1911ರಲ್ಲಿ ಮೊದಲ ವಿದ್ಯಾರ್ಥಿಗಳು. ಇಷ್ಟು ಹೊತ್ತಿಗೆ ನಮ್ಮವರು ಆರು ಸಲ ತೆರೆದು ಆರು ಸಲ ಮುಚ್ಚುತ್ತಿದ್ದರು.

ಇನ್ನೊಂದು ಮಾತು. ಆ ಸಂಸ್ಥೆಯ ಹೆಸರಲ್ಲಿ ಟಾಟಾ ಇಲ್ಲ. ಆದರೂ ಹಳೇ ಬೆಂಗಳೂರಿನವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಾರೆ. ನಮ್ಮಲ್ಲಿ ನಾಲ್ಕು ಜನ ನಿಲ್ಲೋ ಬಸ್ ತಂಗುದಾಣಕ್ಕೂ ಅನುದಾನ ಕೊಟ್ಟವರ ಹೆಸರು, ಫೋಟೋ, ಕೈಮುಗಿದ ಭಂಗಿ. ತಗಡು ತುಕ್ಕು ಹಿಡಿದು ಕಣ್ಣು ಹೋಗಿರುತ್ತೆ, ಮುಗಿದ ಕೈ ಮಾತ್ರ ಹಾಗೇ ಇರುತ್ತೆ. ಬಸ್ ಬರೋದಿಲ್ಲ, ಅದು ಬೇರೆ ಇಲಾಖೆ.

ಇಷ್ಟೇ ಆಗಿದ್ರೆ ನಕ್ಕು ಸುಮ್ನಾಗಬಹುದಿತ್ತು. ತೆರೆದವರಿಗೆ ದುಡ್ಡು ಇಡಬೇಕು ಅಂತ ಗೊತ್ತಿರಲಿಲ್ವಾ? ದುಡ್ಡು ಕೊಡಬೇಕಾದವರೇ ದುಡ್ಡಿಲ್ಲ ಅಂತ ಬಾಗಿಲು ಹಾಕೋದು ಯಾವ ಲೆಕ್ಕ? ಒಬ್ಬರು ಬೋರ್ಡ್ ಹಾಕಿ ಕೈ ತೊಳೆದುಕೊಂಡರು. ಇನ್ನೊಬ್ಬರು ಬೋರ್ಡ್ ಇಳಿಸೋದನ್ನೇ ಉಳಿತಾಯ ಅಂತಾರೆ. ನಡುವೆ ಫೀ ಕಟ್ಟಿದವರು ಯಾರ ಮಕ್ಕಳು ಸ್ವಾಮಿ?

ಪಕ್ಕದ ಮನೆ ಹುಡುಗ ಅಲ್ಲೇ ಎಂ.ಎ. ಓದುತ್ತಾನೆ. ಮೊನ್ನೆ ಚಹಾ ಅಂಗಡಿಯಲ್ಲಿ ಪೇಪರು ಮಡಚಿಟ್ಟು ಕೇಳಿದ: "ಕಾಕಾ, ಮುಂದಿನ ವರ್ಷ ಬಸ್ ಪಾಸ್ ಜಮಖಂಡಿಗೆ ಮಾಡಸ್ಲ್ಯೋ, ಬೆಳಗಾವಿಗೋ?"