ಎನ್‌ಕ್ರಿಪ್ಟ್ ಮಾಡಿದರೆ ಪ್ರತಿಧ್ವನಿ ನಿಜವಾಗುತ್ತಾ?

"ಸಂದೇಶ ಎನ್‌ಕ್ರಿಪ್ಟ್ ಆದರೆ ಸಾಕು, ಒಂದೇ ಅಲೆಯಲ್ಲಿ ಮಾತಾಡುವ ಮತ್ತು ಸುತ್ತ ನೋಡುವ ಕಾರು ಸುರಕ್ಷಿತ" ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಂದರೆ, ಒಂದೇ ರೇಡಿಯೊ ಅಲೆ ಬೇರೆ ವಾಹನಗಳಿಗೆ ಸಂದೇಶವನ್ನೂ ಒಯ್ಯುತ್ತದೆ, ಎದುರಿನ ವಸ್ತುವಿಗೆ ಬಡಿದು ವಾಪಸ್ ಬಂದು ರೇಡಾರ್ ಕೆಲಸವನ್ನೂ ಮಾಡುತ್ತದೆ; ಸಂದೇಶವನ್ನು ಗುಟ್ಟು ಲಿಪಿಗೆ ತಿರುಗಿಸಿದರೆ (ಎನ್‌ಕ್ರಿಪ್ಟ್) ಸಾಕು ಎಂಬುದು ನಿಮ್ಮ ವಾದ. ಇದನ್ನು ನಾನು ಒಪ್ಪುವುದಿಲ್ಲ.

ಮೊದಲಿಗೆ, ಕಾರುಗಳು ಸೆಕೆಂಡಿಗೆ 10 ಸಲ ಸುತ್ತ ಸಾರುವ ಸುರಕ್ಷತಾ ಸಂದೇಶಕ್ಕೆ ಗುಟ್ಟು ಬೇಕಿಲ್ಲ. ಎಲ್ಲರೂ ಓದಲಿ ಅಂತಲೇ ಅದನ್ನು ಕಳಿಸುವುದು. ಅದಕ್ಕೆ ಬೇಕಿರುವುದು ಡಿಜಿಟಲ್ ಸಹಿ, ಅಂದರೆ ಕಳಿಸಿದವರು ಅಸಲಿ, ನಡುವೆ ಯಾರೂ ತಿದ್ದಿಲ್ಲ ಎಂಬುದರ ಪುರಾವೆ. ಸರಿ, ಸಹಿ ಹಾಕಿದಿರಿ. ಮುಂದಿನ ಲಾರಿಗೆ ಬಡಿದು ವಾಪಸ್ ಬರುವ ಅಲೆಗೆ ಸಹಿ ಹಾಕುವವರು ಯಾರು? ಲಾರಿಯ ತಗಡಾ?

ರೇಡಾರ್ ದೂರ ಅಳೆಯುವುದು ಅಲೆ ಹೋಗಿ ಬರುವ ಸಮಯದಿಂದ. ರಸ್ತೆ ಬದಿಯಲ್ಲಿ ಕೂತವನೊಬ್ಬ ಆ ಅಲೆಯನ್ನು ಹಿಡಿದು, 100 ನ್ಯಾನೊಸೆಕೆಂಡ್ ತಡ ಮಾಡಿ, ನಿಜವಾದ ಪ್ರತಿಧ್ವನಿಗಿಂತ ಜೋರಾಗಿ ಮರಳಿಸಿದ ಎನ್ನಿ. ಲಾರಿ ನಿಜವಾಗಿ ಇರುವ ಜಾಗಕ್ಕಿಂತ 15 ಮೀಟರ್ ಆಚೆ ಇದ್ದಂತೆ ಕಾಣುತ್ತದೆ. ಒಳಗಿನ ಸಂದೇಶ ಏನಂತ ಅವನಿಗೆ ಗೊತ್ತಾಗಬೇಕಾಗಿಯೇ ಇಲ್ಲ! ಅಲೆಯ ಆಕಾರವನ್ನು ಪ್ರತಿ ಸಲ ಬದಲಿಸಿದರೆ, ಇಲ್ಲದ ವಸ್ತುವನ್ನು ಹತ್ತಿರ ತೋರಿಸುವ ಮೋಸ ಕಷ್ಟವಾಗುತ್ತದೆ, ನಿಜ. ಆದರೆ ಈ ತಡ ಮಾಡುವ ಆಟ ಅದರಿಂದ ನಿಲ್ಲುವುದಿಲ್ಲ. ಕ್ಯಾಮೆರಾ, ಲಾರಿಯೇ ಕಳಿಸಿದ ಸ್ಥಳದ ಮಾಹಿತಿ, ರೇಡಾರ್ ಮೂರನ್ನೂ ತಾಳೆ ನೋಡಲೇಬೇಕು. ಲೇಖನದಲ್ಲಿ ಈ ಮಾತೇ ಇಲ್ಲ ಅಲ್ವಾ?

ಇನ್ನು, ಸಂದೇಶದ ಜೊತೆ ಕಾರು ಕಳಿಸುವ "ಗುರುತಿನ ಚೀಟಿ ಆಗಾಗ ಬದಲಾಗುವುದರಿಂದ ಯಾರೂ ಹಿಂಬಾಲಿಸಲಾರರು" ಎಂಬ ನಿಮ್ಮ ಸಮಾಧಾನ. ಆ ಚೀಟಿ ಬದಲಾದರೂ ಕಾರನ್ನು ಗುರುತು ಹಿಡಿಯಲು ಬೇರೆ ದಾರಿ ಇದೆ. ಟೈರಿನ ಗಾಳಿ ಅಳೆಯುವ ಪುಟ್ಟ ಸೆನ್ಸರ್‌ನ ಬದಲಾಗದ ನಂಬರನ್ನು 40 ಮೀಟರ್ ದೂರದಿಂದ ಕದ್ದು ಕೇಳಬಹುದೆಂದು ಅಮೆರಿಕದ ಸಂಶೋಧಕರು 2010ರಲ್ಲೇ ತೋರಿಸಿದ್ದರು.