ನೆಲಕ್ಕೊಂದು ಸ್ವೆಟರ್

ಭಾನುವಾರ ಸಂಜೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹಾಕೋಣ ಅಂತ ಚಪ್ಪಲಿ ಮೆಟ್ಟಿದರೆ ಸಾಕು, ಮಗನ ವಿಡಿಯೋ ಕಾಲ್ ಬರುತ್ತದೆ. ನಮಗೆ ನಾಲ್ಕೂವರೆ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಅವನಿಗೆ ಬೆಳಗ್ಗೆ ಹನ್ನೊಂದು. ಮಾತಾಡುವುದು ಅವನು ಮತ್ತು ಅವನ ಅಜ್ಜಿ. ಫೋನ್ ಹಿಡಿದು ನಿಲ್ಲುವ ಕೆಲಸ ಮಾತ್ರ ನನ್ನದು.

ಅಲ್ಲಿ ಅವನು ನೂರು ವರ್ಷ ದಾಟಿದ ಮನೆ ಕೊಂಡಿದ್ದಾನೆ. ಹಲಗೆ ನೆಲ, ಅಡಿಯಲ್ಲಿ ಮರದ ತೊಲೆ, ಅದರ ಕೆಳಗೆ ಎರಡಡಿ ಖಾಲಿ ಜಾಗ. ಅಲ್ಲಿಂದ ಚಳಿಗಾಳಿ ಹಲಗೆ ಸಂದಿಯಲ್ಲಿ ನುಗ್ಗಿ ಪಾದ ಕೊರೆಯುತ್ತದಂತೆ. ಅದಕ್ಕೇ ತೊಲೆಗಳ ನಡುವೆ ಚಳಿ ತಡೆಯುವ ಉಣ್ಣೆಯಂಥ ಮಿನರಲ್ ವೂಲ್ ತುಂಬಿ, ಜಾರದ ಹಾಗೆ ಕೆಳಗೆ ಬಲೆ ಹೊಡೆಯುತ್ತಿದ್ದಾನೆ. ಕೂಲಿ ದುಬಾರಿ ಅಂತ ತಾನೇ ನುಗ್ಗಿದ್ದಾನೆ. ಮಂಚದ ಕೆಳಗೆ ಉರುಳಿದ ಚೆಂಡು ತೆಗೆಯಲು ನನ್ನನ್ನು ಕರೆಯುತ್ತಿದ್ದ ಮಹಾನುಭಾವ!

ಮೊನ್ನೆ ನೆಲದ ಕೆಳಗಿಂದಲೇ ಕಾಲ್ ಮಾಡಿದ. ಅಂಗಾತ ಮಲಗಿದ್ದಾನೆ. ಹಣೆಗೆ ಟಾರ್ಚು, ಮೂಗಿಗೆ ಮಾಸ್ಕು, ಹುಬ್ಬಿನ ತುಂಬ ಜೇಡರ ಬಲೆ.

"ಅಯ್ಯೋ, ಮಗೂನ ಆಸ್ಪತ್ರೆಗೆ ಸೇರಿಸಿದಾರೆ!" ಅಮ್ಮನ ಕೂಗಿಗೆ ಪಕ್ಕದ ಮನೆಯವರು ಕಾಂಪೌಂಡಿಗೆ ಬಂದರು.

"ಇಲ್ಲ ಅಜ್ಜಿ, ನೆಲದ ಕೆಳಗಿದ್ದೀನಿ."

"ನಿಧಿ ಏನಾದ್ರೂ ಸಿಕ್ತೇನೋ?"

"ಚಳಿ ಮೇಲೆ ಬರಬಾರ್ದು ಅಂತ ಉಣ್ಣೆ ತುಂಬ್ತಿದ್ದೀನಿ."

"ಮೇಲೊಂದು ಜಮಖಾನ ಹಾಸಿದ್ರೆ ಆಗಲ್ವಾ?"

ಹಲಗೆಗೂ ಉಣ್ಣೆಗೂ ನಡುವೆ ಸಂದಿ ಬಿಟ್ಟರೆ ಅಲ್ಲೇ ಗಾಳಿ ಆಡಿ ಎಲ್ಲ ದಂಡ ಅಂತ ಅವನು ಪಾಠ ಶುರುಮಾಡಿದ. ಅಮ್ಮನ ಕಣ್ಣು ಗೋಡೆ ಬುಡದ ತೂತಿನ ಮೇಲೆ.

"ಮೊದ್ಲು ಅದನ್ನ ಮುಚ್ಚೋ. ಇಲಿ ಬರುತ್ತೆ, ಹಾವು ಬರುತ್ತೆ."

"ಮುಚ್ಚಬಾರ್ದು ಅಜ್ಜಿ. ಗಾಳಿ ಆಡ್ದಿದ್ರೆ ತೇವ ಕೂತು ತೊಲೆ ಕೊಳೆಯುತ್ತೆ."

"ಮತ್ತೆ ಗಾಳಿ ಬರುತ್ತೆ ಅಂತ ಅಳ್ತಿದ್ಯಲ್ಲೋ?"

ಅವನು ಮತ್ತೆ ತೊಲೆಯಿಂದ ಶುರು. ಅಮ್ಮ ಮತ್ತೆ ಜಮಖಾನದಿಂದ ಶುರು. ನನ್ನ ಕೈ ಜೋಮು ಹಿಡಿಯಿತು. ಚೂರು ಬಾಗಿದರೆ "ಅಪ್ಪಾ, ಫ್ಯಾನ್ ಕಾಣ್ತಿದೆ, ನೆಟ್ಟಗೆ ಹಿಡ್ಕೊಳ್ಳಿ" ಅನ್ನುವುದು ಬೇರೆ. ಹೇಳುವವನು ಅಂಗಾತ ಮಲಗಿದ್ದಾನೆ!

ಸರಸ್ವತಿಪುರಂನ ಈ ಮನೆಯದು ರೆಡ್ ಆಕ್ಸೈಡ್ ನೆಲ. ಬೇಸಿಗೆ ರಜದಲ್ಲಿ ಆಟ ಮುಗಿಸಿ ಬಂದವನೇ ಅಂಗಿ ಕಿತ್ತೆಸೆದು ಅದರ ಮೇಲೆ ಬೀಳುತ್ತಿದ್ದ. ಮಲಗಿದ ಜಾಗ ಬಿಸಿಯಾದರೆ ಪಕ್ಕಕ್ಕೆ ಉರುಳುತ್ತಿದ್ದ. ಹಾಗೇ ಉರುಳಿ ಉರುಳಿ ದೇವರ ಕೋಣೆ ಹೊಸಿಲಿಗೆ ಹೋಗಿ ನಿದ್ದೆ ಹೊಡೆಯುತ್ತಿದ್ದ. ಈಗ ನೆಲ ತಣ್ಣಗಿದೆ ಅಂತ ದುಡ್ಡು ಸುರಿಯುತ್ತಿದ್ದಾನೆ.

ಮುಂದಿನ ವಾರ ಪೈಪಿನ ಸರದಿಯಂತೆ. ಮನೆ ಬಿಸಿ ಇನ್ನು ಕೆಳಗೆ ಇಳಿಯುವುದಿಲ್ಲವಲ್ಲ, ಅಲ್ಲಿನ ನೀರಿನ ಪೈಪು ಹೆಪ್ಪುಗಟ್ಟಬಾರದು ಅಂತ ಅದಕ್ಕೂ ಹೊದಿಸಬೇಕಂತೆ. ಇದೊಂದು ಮಾತ್ರ ಅಮ್ಮನಿಗೆ ಸರಿಯಾಗಿ ಅರ್ಥವಾಗಿದೆ. ಅಟ್ಟದಿಂದ ಹಳೇ ಮಫ್ಲರುಗಳನ್ನೆಲ್ಲ ಇಳಿಸು ಅಂದಿದ್ದಾರೆ. ಕೊರಿಯರ್ ಖರ್ಚು ನನ್ನದೇ.